ಉತ್ತರ: ‘ಉಜುಮಾಕಿ’ಯಲ್ಲಿ ಭಯ ಹುಟ್ಟುವ ಬಗೆ

ನಮಸ್ಕಾರ. ಜಪಾನಿನ ಚಿತ್ರಕಥೆಗಾರ ಜುಂಜಿ ಇಟೊ ಅವರ ಭಯಾನಕ ಮಾಂಗಾ (ಜಪಾನಿ ಚಿತ್ರಕಥೆ) ‘ಉಜುಮಾಕಿ’ಯಲ್ಲಿ ಬೆನ್ನಟ್ಟಿ ಬರುವ ಖಳನೊಬ್ಬ ಇಲ್ಲದಿದ್ದರೂ ಅಷ್ಟೊಂದು ಭಯವಾಗುವುದೇಕೆ ಎಂದು ತಾವು ಕೇಳಿದ್ದೀರಿ. 1998–99ರಲ್ಲಿ ಧಾರಾವಾಹಿಯಾಗಿ ಪ್ರಕಟವಾದ ಈ ಕಥೆಯಲ್ಲಿ ಊರಿಗೆ ಅಂಟಿಕೊಳ್ಳುವುದು ವ್ಯಕ್ತಿಯಲ್ಲ, ಸುರುಳಿ ಎಂಬ ಒಂದು ಆಕಾರ. ಆಕಾರದಿಂದ ತಪ್ಪಿಸಿಕೊಂಡು ಓಡಲು ಎಲ್ಲಿಯೂ ದಾರಿಯಿರುವುದಿಲ್ಲ.

ಕಥೆಯ ಮುಖ್ಯ ಪಾತ್ರಗಳಲ್ಲೊಬ್ಬನಾದ ಶುಯಿಚಿಯ ತಂದೆತಾಯಿಯರ ಪ್ರಸಂಗವನ್ನು ಮತ್ತೊಮ್ಮೆ ಓದಿ ನೋಡಿ. ಸುರುಳಿಯಾಕಾರದ ವಸ್ತುಗಳನ್ನು ಕೂಡಿಡುವ ಗೀಳಿನಿಂದ ಆರಂಭಿಸಿದ ತಂದೆ, ಕೊನೆಗೆ ದುಂಡನೆಯ ಮರದ ತೊಟ್ಟಿಯೊಳಗೆ ತನ್ನ ದೇಹವನ್ನೇ ಸುತ್ತಿಕೊಂಡು ಸಾಯುತ್ತಾನೆ. ಇದನ್ನು ಕಂಡ ತಾಯಿಗೆ ಸುರುಳಿಯೆಂದರೆ ಎಷ್ಟು ಭಯವಾಗುತ್ತದೆಂದರೆ, ನಾವು ಶಂಖ, ಚಕ್ರ ಎಂದು ಎಣಿಸುವ ಬೆರಳತುದಿಯ ಗೆರೆಗಳನ್ನೂ ಆಕೆ ಕತ್ತರಿಸಿಕೊಳ್ಳುತ್ತಾಳೆ. ಆದರೆ ಒಳಕಿವಿಯಲ್ಲಿ, ಬಸವನಹುಳುವಿನ ಚಿಪ್ಪಿನಂತೆ, ಇನ್ನೊಂದು ಸುರುಳಿ ಉಳಿದೇ ಇರುತ್ತದೆ. ನನ್ನ ಮಟ್ಟಿಗೆ ಇಡೀ ಕೃತಿಯಲ್ಲಿ ಇದಕ್ಕಿಂತ ಕ್ರೂರವಾದ ಕಲ್ಪನೆ ಮತ್ತೊಂದಿಲ್ಲ, ಏಕೆಂದರೆ ಇಲ್ಲಿ ಹುಚ್ಚಿನ ತರ್ಕವನ್ನು ಶರೀರಶಾಸ್ತ್ರವೇ ಸಮರ್ಥಿಸುತ್ತದೆ.

ಇನ್ನು ಚಿತ್ರಗಳ ವಿಚಾರ. ಇಟೊ ಮೊದಲು ಕೃತಕ ಹಲ್ಲುಗಳನ್ನು ತಯಾರಿಸುವ ದಂತ ತಂತ್ರಜ್ಞರಾಗಿದ್ದವರು. ಆ ಕುಸುರಿ ಕೈಚಳಕವೇ ಇಲ್ಲಿಯೂ ಇದೆಯೆಂದು ನನಗನ್ನಿಸುತ್ತದೆ. ಮನೆ, ಬೀದಿ, ಶಾಲೆಗಳನ್ನು ಅವರು ತೀರಾ ಸಾಮಾನ್ಯವಾಗಿ, ಅಚ್ಚುಕಟ್ಟಾಗಿ ಬರೆದು, ಪುಟ ಮಗುಚಿದ ಕೂಡಲೇ ವಿಕೃತ ದೇಹವೊಂದನ್ನು ಸಾವಿರಾರು ಸಣ್ಣ ಗೆರೆಗಳಲ್ಲಿ ಕಣ್ಣಮುಂದೆ ನಿಲ್ಲಿಸುತ್ತಾರೆ. ಆದ್ದರಿಂದ ಮೊಬೈಲ್‌ನಲ್ಲಿ ಉದ್ದಕ್ಕೆ ಸರಿಸುತ್ತಾ ಓದುವ ಬದಲು, ಸಾಧ್ಯವಾದರೆ ಮುದ್ರಿತ ಪ್ರತಿಯನ್ನೇ ಓದಿ.