ಆ ಒಂದು ಸಾಲು ಯಾಕೆ ಹಾಕಲಿಲ್ಲ?

ಸಂಪಾದಕರಿಗೆ ನಮಸ್ಕಾರ. ನಿಮ್ಮ ಪತ್ರಿಕೆಯ ಆ್ಯಪ್‌ನಲ್ಲಿ 360 ರೂಪಾಯಿ ಕೊಟ್ಟು ಒಂದು ವರ್ಷಕ್ಕೆ ಡಿಜಿಟಲ್ ಚಂದಾದಾರನಾದೆ. ಎರಡು ದಿನ ಬಿಟ್ಟು ನಿಮ್ಮ ವೆಬ್‌ಸೈಟ್ ನೋಡಿದರೆ ಅದೇ ಚಂದಾ 300 ರೂಪಾಯಿ! ಒಂದೇ ಪತ್ರಿಕೆಗೆ ಎರಡು ಬೆಲೆಯೇ? ಹೊರಗೆ ಕಡಿಮೆಗೆ ಸಿಗುತ್ತದೆ ಎಂದು ಆ್ಯಪ್‌ನಲ್ಲಿ ಒಂದು ಸಾಲು ಹಾಕಲು ನಿಮಗೇನು ಕಷ್ಟ? ನಿಮ್ಮ ಕಚೇರಿಯವರನ್ನು ಕೇಳಿದರೆ ಆ್ಯಪ್ ಅಂಗಡಿಯ ಕಮಿಷನ್ ಎಂದರು. ಪುಸ್ತಕದಂಗಡಿಯವರೂ ಕಮಿಷನ್ ತಗೊಳ್ಳೋದಿಲ್ಲವೇ? ಆ್ಯಪ್‌ನಲ್ಲಿ ಹಣ ಕಟ್ಟೋದೂ ಸುಲಭ, ನಿಲ್ಲಿಸೋದೂ ಸುಲಭ. ಅದಕ್ಕೊಂದಿಷ್ಟು ಕೊಟ್ಟರೆ ತಪ್ಪೇನು?
– ಓದುಗರೊಬ್ಬರು, ಶಿರಸಿ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ತೆರಿಗೆ ಪಕ್ಕಕ್ಕಿರಲಿ, ಅದು ಎರಡೂ ಕಡೆ ಇದ್ದೇ ಇದೆ. ನೀವು ಆ್ಯಪ್‌ನಲ್ಲಿ ಕೊಟ್ಟ 360 ರೂಪಾಯಿಯಲ್ಲಿ, ಫೋನಿಗೆ ಆ ಆ್ಯಪ್ ಇಳಿಸಿಕೊಂಡಿರಲ್ಲ, ಆ ಅಂಗಡಿಯವರು ಶೇ 15ರಂತೆ 54 ರೂಪಾಯಿ ಮುರಿದುಕೊಳ್ಳುತ್ತಾರೆ. ನಮಗೆ ಬರೋದು 306. ವೆಬ್‌ಸೈಟ್‌ನಲ್ಲಿ 300 ಕೊಟ್ಟಿದ್ದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇಯವರು ಶೇ 2ರಂತೆ 6 ರೂಪಾಯಿ ಹಿಡಿಯುತ್ತಿದ್ದರು. ನಮಗೆ ಸಿಗುತ್ತಿದ್ದದ್ದು 294. ಅಂದರೆ ನಿಮ್ಮಿಂದ 12 ರೂಪಾಯಿ ಜಾಸ್ತಿ ಪಡೆದಿದ್ದೇವೆ, ಒಪ್ಪಿದೆ. 346 ರೂಪಾಯಿ ಅಂತ ಹಾಕಿದ್ದರೆ ಸರಿಹೋಗುತ್ತಿತ್ತು. ಅದು ನೋಡೋಕೆ ಚೆನ್ನಾಗಿಲ್ಲ ಅಂತ ನಮ್ಮ ಲೆಕ್ಕದವರು 360 ಮಾಡಿದರು. ಆ 12 ರೂಪಾಯಿಯ ಪಾಪ ನಮ್ಮದು. ಉಳಿದದ್ದು ನಮ್ಮದಲ್ಲ.

ಇನ್ನು ಆ ಒಂದು ಸಾಲಿನ ವಿಚಾರ. ಹಾಕಿದ್ದೆವು ಸ್ವಾಮಿ! ಎರಡು ವರ್ಷದ ಹಿಂದೆ ಚಂದಾ ಗುಂಡಿಯ ಕೆಳಗೆ ಸಣ್ಣಕ್ಷರದಲ್ಲಿ 'ವೆಬ್‌ಸೈಟ್‌ನಲ್ಲಿ ಚಂದಾ 300 ರೂಪಾಯಿ' ಎಂದು ಬರೆಸಿ ಅಪ್‌ಡೇಟ್ ಕಳಿಸಿದೆವು. ಎರಡನೇ ದಿನಕ್ಕೇ ತಿರಸ್ಕಾರ. ಸರಿ, ಬೆಲೆ ಬೇಡ ಅಂತ 'ಚಂದಾ ವಿವರಕ್ಕೆ ಕಚೇರಿಗೆ ಫೋನ್ ಮಾಡಿ' ಎಂದು ತಿದ್ದಿದೆವು. ಅದೂ ವಾಪಸ್. ನನ್ನ ಮೂವತ್ತು ವರ್ಷದ ಸಂಪಾದಕ ವೃತ್ತಿಯಲ್ಲಿ ನಾನು ಬರೆದದ್ದನ್ನು ಇಷ್ಟು ಬೇಗ ಓದಿ, ಇಷ್ಟು ಬೇಗ ತಿರಸ್ಕರಿಸಿದವರು ಬೇರೆ ಯಾರೂ ಇಲ್ಲ. ಅಂಗಡಿ ಯಾವುದು ಅಂತ ಹೇಳೋಲ್ಲ. ಮುಂದಿನ ಅಪ್‌ಡೇಟನ್ನೂ ಅಲ್ಲಿಗೇ ಕಳಿಸಬೇಕಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2011ರ ಫೆಬ್ರುವರಿಯಲ್ಲಿ ಆಪಲ್ ಕಂಪನಿ ಪತ್ರಿಕೆ, ಪುಸ್ತಕ, ಹಾಡು ಮಾರುವವರಿಗೆಲ್ಲ ಚಂದಾ ನಿಯಮ ತಂದಿತು. ಆ್ಯಪ್ ಒಳಗೆ ಬಂದ ಚಂದಾದಲ್ಲಿ ಶೇ 30 ತನ್ನದು ಎಂದಿತು ಆಗ. ಹೊರಗೆ ಕೊಳ್ಳಲು ದಾರಿ ತೋರಿಸುವ ಕೊಂಡಿ (ಲಿಂಕ್) ಆ್ಯಪ್‌ನಲ್ಲಿ ಇರಬಾರದು. ಹೊರಗಿನ ಬೆಲೆ ಒಳಗಿನದಕ್ಕಿಂತ ಕಡಿಮೆ ಇರಬಾರದು ಅಂತಲೂ ಇತ್ತು. ಗಲಾಟೆ ಜೋರಾಗಿ ಈ ಕೊನೆಯದನ್ನು ನಾಲ್ಕೇ ತಿಂಗಳಲ್ಲಿ ಕೈಬಿಟ್ಟರು. ಅದೇ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಆ್ಯಪ್‌ನಿಂದ ಪುಸ್ತಕದಂಗಡಿಯ ಕೊಂಡಿ ಕಿತ್ತಿತು. ಆಮೇಲೆ ಐಫೋನಿನ ಕಿಂಡಲ್‌ನಲ್ಲಿ ಪುಸ್ತಕ ಓದಬಹುದಿತ್ತು, ಕೊಳ್ಳೋಕಾಗುತ್ತಿರಲಿಲ್ಲ, ಯಾಕೆ ಅಂತ ಅಲ್ಲಿ ಬರೆದೂ ಇರಲಿಲ್ಲ. ಎಷ್ಟೋ ಜನ ತಮ್ಮ ಫೋನೇ ಕೆಟ್ಟಿದೆ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ.

ಸ್ಪಾಟಿಫೈ ಹಾಡಿನ ಕಂಪನಿಯದು ನಿಮ್ಮ ಪತ್ರದ ಕಥೆಯೇ. ಒಂದು ಕಾಲದಲ್ಲಿ ಯುರೋಪಿನಲ್ಲಿ ಅವರ ಚಂದಾ ತಿಂಗಳಿಗೆ 9.99 ಯೂರೊ ಇತ್ತು. ಐಫೋನ್ ಆ್ಯಪ್ ಒಳಗೆ ತಗೊಂಡರೆ 12.99 ಆಗುತ್ತಿತ್ತು. ಹೊರಗೆ ಕಡಿಮೆ ಅಂತ ಒಳಗೆ ಹೇಳುವಂತಿರಲಿಲ್ಲ. ಅವರು 2019ರಲ್ಲಿ ದೂರು ಕೊಟ್ಟರು. 2024ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ಆಪಲ್‌ಗೆ 180 ಕೋಟಿ ಯೂರೊಗೂ ಮಿಕ್ಕಿ ದಂಡ ಹಾಕಿತು. ದಂಡ ಯಾವುದಕ್ಕೆ? ಕಮಿಷನ್ ತಗೊಂಡಿದ್ದಕ್ಕಲ್ಲ. ನೀವು ಕೇಳಿದ ಆ ಒಂದು ಸಾಲನ್ನು ಹಾಕಲು ಬಿಡದೆ ಇದ್ದದ್ದಕ್ಕೆ! ನೀವು ಶಿರಸಿಯಲ್ಲಿ ಕೂತು ಒಂದು ಪುಟದಲ್ಲಿ ಕೇಳಿದ್ದನ್ನು ಅವರು ಐದು ವರ್ಷ ವಿಚಾರಣೆ ಮಾಡಿ ಹೇಳಿದರು. ನಿಮ್ಮ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಅದಕ್ಕೇ.

ಪುಸ್ತಕದಂಗಡಿಯವರೂ ಕಮಿಷನ್ ತಗೋತಾರೆ, ನಿಜ. ಕನ್ನಡ ಪುಸ್ತಕಕ್ಕೆ ಶೇ 30, ಕೆಲವೊಮ್ಮೆ 40 ಬಿಡಬೇಕು. ಆದರೆ ಅವರು ಬಾಡಿಗೆ ಕಟ್ಟುತ್ತಾರೆ, ಧೂಳು ಒರೆಸುತ್ತಾರೆ, ಮಾರಾಟವಾಗದೆ ಉಳಿದದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಪುಸ್ತಕದ ಹಿಂದೆ ಪ್ರಕಾಶಕರ ವಿಳಾಸ, ಫೋನ್ ನಂಬರ್ ಅಚ್ಚಾಗಿದೆ ಅಂತ ಯಾವ ಅಂಗಡಿಯವರೂ ಅದಕ್ಕೆ ಮಸಿ ಬಳಿದಿದ್ದನ್ನು ನಾನು ನೋಡಿಲ್ಲ.

ನಿಲ್ಲಿಸೋದು ಸುಲಭ ಅಂದಿರಲ್ಲ, ಆ ಮಾತು ಮಾತ್ರ ಪೂರ್ತಿ ಒಪ್ಪುತ್ತೇನೆ. ಒಂದು ಇಂಗ್ಲಿಷ್ ಪತ್ರಿಕೆಯ ವೆಬ್‌ಸೈಟ್‌ನಲ್ಲಿ ನೇರವಾಗಿ ಚಂದಾ ಕಟ್ಟಿ, ಅದನ್ನು ನಿಲ್ಲಿಸೋಕೆ ನಾನೇ ಮೂರು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ ಒಬ್ಬರು 'ಯಾಕೆ ಸರ್, ನಮ್ಮಿಂದ ಏನು ತಪ್ಪಾಯಿತು' ಅಂತ ಮನೆಯವರ ಥರ ಕೇಳೋರು. ಇಂಥ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿತು. ಆ್ಯಪ್ ಅಂಗಡಿಯಲ್ಲಿ ಎರಡು ಒತ್ತಿಗೆ ಮುಗಿಯುತ್ತದೆ. ಅದು ಒಳ್ಳೇದೇ. ಮುಂದಕ್ಕೆ ಹೋಗೋಣ.

ದುಡ್ಡಿಗಿಂತ ಹೆಚ್ಚು ನನ್ನನ್ನು ಕೊರೆಯೋದು ಬೇರೆಯೇ. ನಾನು ಈ ಪತ್ರಿಕೆಗೆ ಸೇರಿದಾಗ ಚಂದಾ ಮನಿ ಆರ್ಡರ್‌ನಲ್ಲಿ ಬರುತ್ತಿತ್ತು. ಅಂಚೆ ಇಲಾಖೆಯೂ ಸುಮ್ನೆ ತರುತ್ತಿರಲಿಲ್ಲ, 20 ರೂಪಾಯಿಗೆ 1 ರೂಪಾಯಿ ಕಮಿಷನ್. ಅಂದರೆ ಶೇ 5. ಅಷ್ಟಕ್ಕೆ ಪೋಸ್ಟ್‌ಮ್ಯಾನ್ ಮೆಟ್ಟಿಲು ಹತ್ತಿ ಬಂದು, ನೋಟು ಎಣಿಸಿ ಕೊಟ್ಟು, ಸಹಿ ಹಾಕಿಸಿಕೊಂಡು, ಫಾರಂನ ಕೆಳಗಿನ ತುಂಡನ್ನು ಹರಿದು ನಮಗೆ ಕೊಡುತ್ತಿದ್ದ. ಆ ತುಂಡಿನಲ್ಲಿ ಸಂದೇಶ ಬರೆಯೋಕೆ ಅಂಗೈಯಗಲ ಜಾಗ. ಜನ ಅದರಲ್ಲಿ ಏನೇನೆಲ್ಲ ಬರೆಯೋರು! 'ಹೋದ ಸಂಚಿಕೆ ಮಳೆಗೆ ನೆನೆದು ಮುದ್ದೆಯಾಗಿ ಬಂತು, ಇನ್ನೊಂದು ಕಳಿಸಿ.' 'ಸದ್ಯ ಆರು ತಿಂಗಳದ್ದು. ಉಳಿದದ್ದು ಅಡಿಕೆ ಕೊಯ್ಲು ಮುಗಿದ ಮೇಲೆ.' 'ಯಜಮಾನರು ತೀರಿಕೊಂಡರು. ಪತ್ರಿಕೆ ನಿಲ್ಲಿಸಬೇಡಿ, ಹೆಸರು ಬದಲಾಯಿಸಿ.' ಈ ತುಂಡುಗಳನ್ನು ನಮ್ಮ ಮ್ಯಾನೇಜರ್ ತಂತಿಗೆ ಪೋಣಿಸಿ ಇಡೋರು. ಚಂದಾದಾರರ ಲೆಡ್ಜರ್ ತೆರೆದರೆ ಊರು, ಪೋಸ್ಟು, ತಾಲ್ಲೂಕು ಸಮೇತ ಓದುಗರು ಕಣ್ಣೆದುರಿಗೆ ಬರುತ್ತಿದ್ದರು. ಹಳೇ ಮನಿ ಆರ್ಡರ್ 2015ರಲ್ಲಿ ನಿಂತುಹೋಯಿತು. ಲೆಡ್ಜರ್ ಈಗಲೂ ನನ್ನ ಬೀರುವಿನಲ್ಲಿದೆ.

ಈಗ ಆ್ಯಪ್ ಅಂಗಡಿಯವರು ನಮಗೆ ಕಳಿಸುವ ವರದಿ ಹೇಗಿದೆ ಗೊತ್ತಾ? ಭಾರತ 41, ಅಮೆರಿಕ 17, ಯುಎಇ 6, ರದ್ದಾದದ್ದು 3. ಅಷ್ಟೇ. ಹೆಸರಿಲ್ಲ, ಊರಿಲ್ಲ. ಆ 17 ಜನ ನ್ಯೂಜೆರ್ಸಿಯವರೋ ಕ್ಯಾಲಿಫೋರ್ನಿಯದವರೋ ತಿಳಿಯದು. ಮೂರು ಜನ ಯಾಕೆ ಬಿಟ್ಟರು ಅಂತ ಕೇಳೋಣ ಅಂದರೆ ಯಾರನ್ನು ಕೇಳೋದು? ಹೋದ ತಿಂಗಳು ದುಬೈನಿಂದ ಒಬ್ಬರು ಫೋನ್ ಮಾಡಿ, ದುಡ್ಡು ಹೋಗಿದೆ, ಸಂಚಿಕೆ ತೆರೆಯುತ್ತಿಲ್ಲ ಅಂದರು. ಹುಡುಕಿದರೆ ನಮ್ಮ ಬಳಿ ಅವರ ಹೆಸರೇ ಇಲ್ಲ. ಹಣ ವಾಪಸ್ ಕೊಡೋಣ ಅಂದರೆ ಅದು ನಮ್ಮ ಕೈಯಲ್ಲಿಲ್ಲ, ಅಂಗಡಿಯವರಿಗೇ ಅರ್ಜಿ ಹಾಕಬೇಕು. ಅವರು ಬೈದದ್ದು ಮಾತ್ರ ನೇರವಾಗಿ ನಮಗೇ ಬಂತು, ಅದಕ್ಕೆ ಯಾರೂ ಕಮಿಷನ್ ಹಿಡಿಯಲಿಲ್ಲ. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ 2011ರಲ್ಲಿ ಐಫೋನ್ ಅಂಗಡಿಯಿಂದ ತನ್ನ ಆ್ಯಪನ್ನೇ ತೆಗೆದು, ಬ್ರೌಸರ್‌ನಲ್ಲಿ ತೆರೆಯುವ ಆ್ಯಪ್ ಮಾಡಿಕೊಂಡಿತು. ಅವರ ಜಗಳವೂ ಮುಖ್ಯವಾಗಿ ಇದೇ: ಚಂದಾದಾರರು ಯಾರು ಅನ್ನೋದು ನಮಗೆ ತಿಳಿಯಬೇಕು. ಅವರು ದೊಡ್ಡವರು, ಎದ್ದು ಹೋದರು. ನಾವು ಎದ್ದು ಹೋದರೆ, ನಾವು ಹೋದದ್ದೇ ಯಾರಿಗೂ ಗೊತ್ತಾಗೋಲ್ಲ.

ನಮ್ಮ ದೇಶದಲ್ಲಿ ಏನೂ ನಡೆದಿಲ್ಲ ಅಂತಲ್ಲ. ಗೂಗಲ್ ತನ್ನ ಆ್ಯಪ್ ಅಂಗಡಿಯಾದ ಪ್ಲೇ ಸ್ಟೋರ್‌ನಲ್ಲಿ ತನ್ನ ಬಿಲ್ಲಿಂಗನ್ನೇ, ಅಂದರೆ ಹಣ ಕಟ್ಟಿಸಿಕೊಳ್ಳುವ ತನ್ನ ವ್ಯವಸ್ಥೆಯನ್ನೇ, ಬಳಸಬೇಕು ಅಂದದ್ದಕ್ಕೆ 2022ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಯ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ 936 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಸುಮಾರು 216 ಕೋಟಿಗೆ ಇಳಿಸಿತು. ಈಗ ಬೇರೆ ಬಿಲ್ಲಿಂಗ್ ಇಟ್ಟುಕೊಳ್ಳಬಹುದು. ಇಟ್ಟುಕೊಂಡರೆ ಕಮಿಷನ್‌ನಲ್ಲಿ ಶೇ 4 ಮಾತ್ರ ಬಿಡುತ್ತಾರೆ, ಅಂದರೆ 15ರ ಬದಲು 11. ಹಣ ಅವರ ಗಲ್ಲಾಪೆಟ್ಟಿಗೆ ಮುಟ್ಟದಿದ್ದರೂ 11! ಕಟ್ಟೋಲ್ಲ ಅಂದವರಿಗೆ ಏನಾಯಿತು ಅಂತ 2024ರ ಮಾರ್ಚ್ 1ರಂದು ನೋಡಿದೆವು. ಕನ್ನಡದಲ್ಲೂ ಕಥೆ ಕೇಳಿಸುವ ಕುಕು ಎಫ್‌ಎಂ, ಭಾರತ್ ಮ್ಯಾಟ್ರಿಮೊನಿ, ನೌಕ್ರಿ, ಇಂಥವರ ಆ್ಯಪ್‌ಗಳು ಒಂದೇ ದಿನದಲ್ಲಿ ಪ್ಲೇ ಸ್ಟೋರ್‌ನಿಂದ ಮಾಯ. ಕೇಂದ್ರ ಸಚಿವರು ಬಾಯಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಬಂದವು. ನಮ್ಮಂಥ ಪತ್ರಿಕೆ ಮಾಯವಾದರೆ ಯಾವ ಸಚಿವರು ಬರುತ್ತಾರೆ ಹೇಳಿ.

ಆಪಲ್ ಕೂಡ 2022ರಿಂದ ಪತ್ರಿಕೆ, ಪುಸ್ತಕದ ಆ್ಯಪ್‌ಗಳು ಅರ್ಜಿ ಹಾಕಿಕೊಂಡರೆ ಹೊರಗಿನ ಒಂದು ಕೊಂಡಿ ಇಡಬಹುದು ಎಂದಿದೆ. ಹಾಗೆ ಇಟ್ಟರೆ ಆ್ಯಪ್ ಒಳಗೆ ಏನೂ ಮಾರುವಂತಿಲ್ಲ. ಓದುಗರು ಕೊಂಡಿ ಒತ್ತಿದ ಕೂಡಲೇ ಪರದೆ ತುಂಬ ಎಚ್ಚರಿಕೆ: ನೀವು ಹೊರಗೆ ಹೋಗುತ್ತಿದ್ದೀರಿ, ಅಲ್ಲಿನ ವ್ಯವಹಾರದ ಸುರಕ್ಷತೆಗೆ ಆಪಲ್ ಜವಾಬ್ದಾರಿಯಲ್ಲ. ನಮ್ಮ ಮನೆ ಬಾಗಿಲಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡನ್ನು ಪಕ್ಕದ ಮನೆಯವರು ತಗಲಿಸಿದ ಹಾಗೆ. ಅಮೆರಿಕದಲ್ಲಿ ಮಾತ್ರ, ಎಪಿಕ್ ಎಂಬ ಗೇಮ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ 2025ರ ಏಪ್ರಿಲ್‌ನಲ್ಲಿ ಜಡ್ಜ್ ಕೆಂಡವಾಗಿ, ಹೊರಗಿನ ಕೊಂಡಿಗೆ ಆಪಲ್ ಅಡ್ಡಿ ಮಾಡಬಾರದು ಎಂದು ಆದೇಶ ಕೊಟ್ಟ ಮೇಲೆ, ಕಿಂಡಲ್ ಆ್ಯಪ್‌ನಲ್ಲಿ ಪುಸ್ತಕ ಕೊಳ್ಳುವ ಗುಂಡಿ ಬಂತು. ಹದಿನಾಲ್ಕು ವರ್ಷ! ರಾಮ ವನವಾಸ ಮುಗಿಸಿದಷ್ಟು ಹೊತ್ತು ಒಂದು ಗುಂಡಿಗೆ.

ನೀವು ಕೇಳಬಹುದು, ಆ್ಯಪ್‌ನ ಸಹವಾಸವೇ ಬೇಡ, ಅಚ್ಚು ಪತ್ರಿಕೆ ಅಂಚೆಯಲ್ಲೇ ಕಳಿಸಿ ಅಂತ. ಆ ಸುಖವೂ ಹೋಗುತ್ತಿದೆ. ಪುಸ್ತಕ ಕಳಿಸೋಕೆ ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ಸದ್ದಿಲ್ಲದೆ ನಿಲ್ಲಿಸಿತು. ಇತ್ತ ನಮ್ಮ ಸಂಚಿಕೆ ಹೊರಬಂದ ದಿನ ಸಂಜೆಯೊಳಗೆ ಅದರ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ, 'ಕನ್ನಡ ಉಳಿಸಿ' ಅನ್ನೋ ಸಾಲಿನ ಜೊತೆಗೆ. ಆ ಗುಂಪುಗಳಲ್ಲಿ ನೀವಿಲ್ಲ ಅಂತ ನಂಬಿದ್ದೇನೆ.

ಒಂದು ಸಣ್ಣ ತಕರಾರು. 60 ರೂಪಾಯಿಗೆ ನೀವು ಇಡೀ ಒಂದು ಪುಟ ಬರೆದಿರಿ, ಸಂತೋಷ. ಹೋದ ವರ್ಷ ಕಥಾ ವಿಶೇಷಾಂಕ ತಂದಾಗ ನಿಮ್ಮಿಂದ ಒಂದು ಸಾಲೂ ಬರಲಿಲ್ಲವಲ್ಲ! ನೀವು ನಮ್ಮ ಹಳೇ ಓದುಗರು ಅಂತ ಗೊತ್ತಾದದ್ದೇ ಈ ಬೆಲೆಯ ಜಗಳದಿಂದ. ಲೆಡ್ಜರ್ ತೆಗೆದು ನೋಡಿದೆ. 1998ರಲ್ಲಿ ನಿಮ್ಮ ವಿಳಾಸ ಇದೆ, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ 'ಎರಡು ಸಂಚಿಕೆ ತಲುಪಿಲ್ಲ' ಎಂದಿದೆ. ಆಗಲೂ ಜಗಳಕ್ಕೇ ಬರೆದಿದ್ದಿರಿ.

ಈಗ ನೀವು ಮಾಡಬೇಕಾದದ್ದು ಇಷ್ಟು. ಆ್ಯಪ್‌ನ ಚಂದಾವನ್ನು ಇವತ್ತೇ ರದ್ದು ಮಾಡಿ. ಕಟ್ಟಿದ ವರ್ಷ ಪೂರ್ತಿ ಸಂಚಿಕೆ ಬರುತ್ತದೆ, ತಾನಾಗಿ ಮುಂದುವರಿಯೋದು ಮಾತ್ರ ನಿಲ್ಲುತ್ತದೆ. ವರ್ಷ ಮುಗಿದ ಮೇಲೆ ವೆಬ್‌ಸೈಟ್‌ಗೆ ಬಂದು ಚಂದಾ ಕಟ್ಟಿ. 300ರಲ್ಲಿ ನಿಮ್ಮ 12 ರೂಪಾಯಿ ಕಳೆದು 288 ಮಾತ್ರ ತಗೊಳ್ಳಿ ಅಂತ ಲೆಕ್ಕದವರಿಗೆ ಹೇಳಿದ್ದೇನೆ. ಹೆಸರು, ಊರು ಬರೆಯೋದು ಮರೆಯಬೇಡಿ.

ಅಂದ ಹಾಗೆ, ಈ ಉತ್ತರ ನಮ್ಮ ಆ್ಯಪ್‌ನಲ್ಲೂ ಬರುತ್ತದೆ. ಮೇಲಿನ ಪ್ಯಾರಾವನ್ನು ಅಲ್ಲಿ ಹಾಗೇ ಬಿಡೋದಾ ತೆಗೆಯೋದಾ ಅಂತ ಆ್ಯಪ್ ನೋಡಿಕೊಳ್ಳುವ ಹುಡುಗ ಬೆಳಗಿನಿಂದ ಕೇಳುತ್ತಿದ್ದಾನೆ. ಇನ್ನೂ ಏನೂ ಹೇಳಿಲ್ಲ.