ಸೈರನ್ ಯಾವಾಗ ಬರತ್ತೋ ಅಂತ ಕೂತ್ರೆ ಸೊಂಟ ಹಿಡ್ಕೊಳತ್ತೆ

ಪ್ರಶ್ನೆ: ಮೇಡಂ, ನಾನು ಉಡುಪಿ ಕಡೆಯವಳು, ಇಸ್ರೇಲಿನ ಟೆಲ್ ಅವೀವ್ ಪಕ್ಕದ ರಾಮತ್ ಗಾನ್‌ನಲ್ಲಿ ಒಬ್ರು ಅಜ್ಜಿನ ನೋಡ್ಕೊಳ್ಳೋ ಕೇರ್‌ಗಿವರ್ ಕೆಲ್ಸ, ಇರೋದೂ ಅವರ ಮನೇಲೇ. ಮುಂಚೆ ಅಜ್ಜಿ ಏಳೋದ್ರೊಳಗೆ ಯಾರ್ಕೋನ್ ಪಾರ್ಕಲ್ಲಿ ಒಂದು ಗಂಟೆ ನಡ್ಕೊಂಡು ಬರ್ತಿದ್ದೆ. 2025ರ ಜೂನಲ್ಲಿ ಇರಾನಿನ ಮಿಸೈಲ್ ನಮ್ಮ ರಾಮತ್ ಗಾನ್‌ಗೇ ಬಿತ್ತಲ್ಲ, ಅವತ್ತಿಂದ ಆ ಧೈರ್ಯ ಹೋಯ್ತು. ಈಗ ತೂಕ ಏರಿದೆ, ಅಜ್ಜಿನ ಎತ್ತಿ ಕೂರ್ಸಿ ಸೊಂಟ ನೋವು, ನಿದ್ದೆನೂ ಸರಿ ಇಲ್ಲ. ನಮ್ಮದು ಹಳೇ ಬಿಲ್ಡಿಂಗ್, ಮನೆಯೊಳಗೆ ಮಮಾದ್ ಇಲ್ಲ, ಕೆಳಗಡೆ ಮಿಕ್ಲಾಟ್ ಇದೆ. ಜಿಮ್‌ಗೆ ದುಡ್ಡು ಹಾಕೋಕೆ ಮನಸ್ಸು ಬರಲ್ಲ. ಎಲ್ಲಿ ವಾಕಿಂಗ್ ಮಾಡ್ಲಿ?

ಉತ್ತರ: ಊರಲ್ಲಿ ಓದೋರಿಗೆ ಮೊದ್ಲು ಒಂದು ಮಾತು. ಮಮಾದ್ ಅಂದ್ರೆ ಮನೆಯೊಳಗೇ ದಪ್ಪ ಕಾಂಕ್ರೀಟ್ ಗೋಡೆ, ಕಬ್ಬಿಣದ ಬಾಗಿಲು ಇರೋ ರೂಮು. 1991ರ ಗಲ್ಫ್ ಯುದ್ಧದಲ್ಲಿ ಇಸ್ರೇಲಿನ ಮೇಲೆ ಇರಾಕಿನ ಸ್ಕಡ್ ಮಿಸೈಲ್ ಬಿದ್ಮೇಲೆ ಅಲ್ಲಿ ಹೊಸ ಮನೆಗೆಲ್ಲ ಅದು ಕಡ್ಡಾಯ ಆಯ್ತು. ಅದಕ್ಕಿಂತ ಹಳೇ ಬಿಲ್ಡಿಂಗಲ್ಲಿ ಕೆಲವು ಕಡೆ ಕೆಳಗೊಂದು ಸಾಮೂಹಿಕ ಶೆಲ್ಟರ್ ಇರತ್ತೆ, ಅದೇ ಮಿಕ್ಲಾಟ್. (ಗಡಿ ಆಚೆ ಗಾಜಾದ ಜನಕ್ಕೆ ಇಂಥ ರೂಮೂ ಇಲ್ಲ ಸೈರನ್ನೂ ಇಲ್ಲ, ಅದನ್ನ ಹೇಳದೆ ಮುಂದೆ ಹೋಗೋಕೆ ನಂಗೆ ಆಗಲ್ಲ.)

ಈಗ ನಿಮ್ಮ ವಿಷ್ಯ. ಯಾರ್ಕೋನ್ ಚೆಂದ, ಆದ್ರೆ ನಿಮ್ಮ ನಿಜವಾದ ತೊಂದ್ರೆ ಪಾರ್ಕ್ ಅಲ್ಲ, ನೀವು ಹೊರಗಿದ್ದಾಗ ಸೈರನ್ ಆದ್ರೆ ಮನೇಲಿ ಅಜ್ಜಿ ಒಬ್ರೇ ಅನ್ನೋದು. ಹಂಗಾಗಿ ದೂರ ಹೋಗೋದು ಬಿಡಿ, ಮನೆ ಸುತ್ತಲಿನ ಎರಡ್ಮೂರು ಬೀದಿನೇ ರೌಂಡ್ ಹೊಡೀರಿ, ಯಾವ ಮೂಲೇಲಿದ್ರೂ ಒಂದೂವರೆ ನಿಮಿಷದೊಳಗೆ ಮಿಕ್ಲಾಟ್ ಬಾಗ್ಲಿಗೆ ಬರೋ ಹಾಗಿರ್ಬೇಕು. ಟೆಲ್ ಅವೀವ್ ಸುತ್ತಮುತ್ತ ರಾಕೆಟ್‌ಗೆ ಸೈರನ್ ಆದ್ಮೇಲೆ ಶೆಲ್ಟರ್ ಸೇರೋಕೆ ಕೊಡೋ ಟೈಮು 90 ಸೆಕೆಂಡ್. ಇರಾನಿಂದ ಬರೋದಾದ್ರೆ ಫೋನಿಗೆ ಇನ್ನೂ ಮುಂಚೆ ಮೆಸೇಜ್ ಬರತ್ತೆ, ಆದ್ರೆ ಅದನ್ನ ನಂಬ್ಕೊಂಡು ರೂಟ್ ಉದ್ದ ಮಾಡ್ಬೇಡಿ. ಹೋಗೋ ಮುಂಚೆ ಪಕ್ಕದ ಮನೆಯವರಿಗೋ ಅಜ್ಜಿ ಮಗನಿಗೋ ಹೇಳಿಟ್ಟಿರಿ. ಎರಡೂ ಕಿವಿಗೆ ಇಯರ್‌ಫೋನ್ ಬೇಡ, ಒಂದು ಕಿವಿ ಸೈರನ್‌ಗೆ ಬಿಡಿ.

ಇನ್ನೂ ಒಳ್ಳೇದು ಅಂದ್ರೆ ಅಜ್ಜಿನೂ ವೀಲ್‌ಚೇರಲ್ಲಿ ಕರ್ಕೊಂಡು ಹೋಗೋದು, ರಾಮತ್ ಗಾನ್ ರೋಡೆಲ್ಲ ಏರು ತಗ್ಗು, ಅಲ್ಲಿ ವೀಲ್‌ಚೇರ್ ತಳ್ಳೋದೇ ದೊಡ್ಡ ಎಕ್ಸರ್ಸೈಜು, ನಿಮ್ದೂ ಆಯ್ತು ಅವರಿಗೂ ಗಾಳಿ ಬೆಳಕು ಸಿಕ್ತು. ಆದ್ರೆ ಕೂತಿರೋರನ್ನ ಮಿಕ್ಲಾಟ್ ಮೆಟ್ಟಿಲು ಇಳಿಸೋಕೆ 90 ಸೆಕೆಂಡ್ ಸಾಲಲ್ಲ. ಅದಕ್ಕೆ ಬಿಲ್ಡಿಂಗ್ ಒಳಗಿನ ಮೆಟ್ಟಿಲ ಜಾಗ ನೋಡಿಟ್ಕೊಳ್ಳಿ, ಕಿಟಕಿ ಇರ್ಬಾರ್ದು, ತಲೆ ಮೇಲೆ ಕನಿಷ್ಠ ಎರಡು ಮಹಡಿ ಇರ್ಬೇಕು. ಒಂದ್ಸಲ ಸುಮ್ನೆ ಇರುವಾಗ ವಾಚ್ ಹಿಡ್ಕೊಂಡು ಟ್ರಯಲ್ ನೋಡಿ.

ವಾರಕ್ಕೆ 150 ನಿಮಿಷ ಬಿರುಸಾಗಿ ನಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಒಟ್ಟಿಗೇ ನಡೀಬೇಕು ಅಂತೇನಿಲ್ಲ, ಐದೈದು ನಿಮಿಷ ಕೂಡಿಸಿದ್ರೂ ಲೆಕ್ಕಕ್ಕೆ ಬರತ್ತೆ. ಅಜ್ಜಿ ಮಲಗಿದಾಗ ಮೆಟ್ಟಿಲು ಹತ್ತಿ ಇಳೀರಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ, ಗೋಡೆಗೆ ಕೈ ಕೊಟ್ಟು ಪುಶ್ ಅಪ್ ಮಾಡಿ. ಮಿಕ್ಲಾಟಲ್ಲಿ ಕಾಯೋ ಹೊತ್ತಲ್ಲಿ ಎಲ್ಲರ ಥರ ಫೋನ್ ನೋಡ್ತಾ ಕೂರೋ ಬದ್ಲು ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಯಾರಾದ್ರೂ ನಕ್ರೆ ನಗ್ಲಿ. ಶೆಲ್ಟರ್‌ಗೆ ಓಡಿದ್ದನ್ನ ಮಾತ್ರ ವ್ಯಾಯಾಮ ಅಂತ ಸೇರಿಸ್ಬೇಡಿ, ಹೆದರಿಕೆಯಲ್ಲಿ ಮೈ ಬಿಗಿ ಹಿಡ್ದು ಓಡೋದ್ರಿಂದ ಸೊಂಟಕ್ಕೆ ಇನ್ನೂ ತೊಂದ್ರೆ.

ಸೊಂಟ ನೋವಿಗೆ ಬರೀ ನಡಿಗೆ ಸಾಲಲ್ಲ, ಎತ್ತೋ ರೀತಿ ಬದಲಾಗ್ಬೇಕು. ಮಂಚ ಎತ್ತರ ಮಾಡ್ಕೊಳ್ಳಿ, ಅಜ್ಜಿನ ಮೈ ಹತ್ರ ತಗೊಳ್ಳಿ, ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಿ, ಅವರಿಗೂ ಕಾಲು ಊರೋಕೆ ಹೇಳಿ. ನೋವು ಕಾಲಿಗೆ ಇಳಿದ್ರೆ ಅಥವಾ ಕಾಲು ಜೋಮು ಹಿಡಿದ್ರೆ ಅಲ್ಲಿನ ಇನ್ಶೂರೆನ್ಸ್ ಡಾಕ್ಟರ್‌ಗೆ ತೋರ್ಸಿ, ಊರಿಗೆ ಬಂದಾಗ ನೋಡೋಣ ಅಂತ ಮುಂದೂಡ್ಬೇಡಿ.

ವಾರದ ರಜೆ ದಿನ ಬೇಕಿದ್ರೆ ಯಾರ್ಕೋನ್‌ಗೆ ಹೋಗಿ, ಅಜ್ಜಿ ಹತ್ರ ಬೇರೆಯವ್ರು ಇರ್ತಾರಲ್ಲ, ಶೆಲ್ಟರ್ ಎಲ್ಲಿದೆ ಅಂತ ಮ್ಯಾಪಲ್ಲಿ ನೋಡ್ಕೊಂಡು ಹೋಗಿ. ಜನ ಸೇರ್ಬಾರ್ದು ಅಂತ ಆರ್ಡರ್ ಇದ್ರೆ ಮಾತ್ರ ಬೇಡ.

ಪ್ರಶ್ನೆ: ನನ್ನ ಹೆಂಡ್ತಿನೂ ಇಸ್ರೇಲಲ್ಲಿ ಇದೇ ಕೆಲ್ಸ. ವಾಕಿಂಗ್ ಹೋಗ್ಬೇಡ ಅಂತ ದಿನಾ ಫೋನಲ್ಲಿ ಹೇಳ್ತೀನಿ, ಕೇಳಲ್ಲ. — ಕಾರ್ಕಳದ ಓದುಗರು

ಉತ್ತರ: ಕೇಳದೇ ಇರೋದೇ ಒಳ್ಳೇದು ಬಿಡಿ. ಅವರು ನಡೆಯೋ ಹೊತ್ತಲ್ಲಿ ನೀವು ಫೋನ್ ಮಾಡ್ಬೇಡಿ, ಅಲರ್ಟ್ ಬರೋದು ಅದೇ ಫೋನಿಗೆ.