ಹೂದೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಣರಾಜ್ಯೋತ್ಸವದ ವೇಳೆಗೆ ನಡೆಯುವ ಜಿಲ್ಲಾ ಫಲಪುಷ್ಪ ಪ್ರದರ್ಶನದ ಸ್ಪರ್ಧೆಗಾಗಿ ನಮ್ಮ ಪ್ರೌಢಶಾಲೆಯ ಮಕ್ಕಳಿಂದ ಹತ್ತಡಿ ಉದ್ದ, ಹತ್ತಡಿ ಅಗಲದ ಪುಟ್ಟ ತೋಟವೊಂದನ್ನು ಮಾಡಿಸಬೇಕೆಂದಿದ್ದೇವೆ. ಜಾಗ ಕೈಗೆ ಸಿಗುವುದು ಮೂರು ದಿನ ಮೊದಲು. ಅಷ್ಟರಲ್ಲಿ ಗಿಡ ನೆಟ್ಟರೆ ಬೇರು ಹಿಡಿಯುವುದೇ? ಯಾವ ಗಿಡಗಳನ್ನು ಆರಿಸಬೇಕು?
– ಶಿಕ್ಷಕಿಯೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೂರು ದಿನದಲ್ಲಿ ಬೇರು ಹಿಡಿಯುವುದಿಲ್ಲ, ಹಿಡಿಯಬೇಕಾದ ಅಗತ್ಯವೂ ಇಲ್ಲ. ಪ್ರದರ್ಶನದಲ್ಲಿ ಕಾಣುವ ಪುಟ್ಟ ತೋಟಗಳಲ್ಲಿ ಹೆಚ್ಚಿನವು ಗಿಡಗಳನ್ನು ಕುಂಡದ ಸಮೇತ ಒತ್ತೊತ್ತಾಗಿ ಜೋಡಿಸಿ, ನಡುವಿನ ಸಂದುಗಳಿಗೆ ತೆಂಗಿನ ನಾರಿನ ಪುಡಿ ತುಂಬಿ ಮಾಡಿದವು. ನಿಮ್ಮ ಜಾಗಕ್ಕೆ ಅರ್ಧ ಅಡಿ ಎತ್ತರ ಮಣ್ಣು ಹರಡುವುದಾದರೆ ಐವತ್ತು ಘನ ಅಡಿ ಬೇಕಾಗುತ್ತದೆ. ತೇವವಿರುವಾಗ ಅದು ಸುಮಾರು ಎರಡು ಟನ್ ತೂಗುತ್ತದೆ. ಅಷ್ಟನ್ನು ತಂದು ಸುರಿದು, ಪ್ರದರ್ಶನ ಮುಗಿದ ಮೇಲೆ ಮತ್ತೆ ಹೊತ್ತೊಯ್ಯುವ ಕೆಲಸವನ್ನು ಮಕ್ಕಳಿಗೆ ಕೊಡಬೇಡಿ.

ಮುಖ್ಯವಾದ ಲೆಕ್ಕ ದಿನಗಳದು. ತೀರ್ಪುಗಾರರು ಬರುವ ಬೆಳಿಗ್ಗೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಅದು ಜನವರಿ 24 ಎಂದಿಟ್ಟುಕೊಳ್ಳೋಣ. ದೊಡ್ಡ ಚೆಂಡುಹೂವಿಗೆ ಬಿತ್ತನೆಯಿಂದ ಹೂವಿನವರೆಗೆ, ನಡುವೆ ಒಮ್ಮೆ ಕುಡಿ ಚಿವುಟಿದರೆ, ಹತ್ತಿರಹತ್ತಿರ 75 ದಿನ ಬೇಕು. ಆದ್ದರಿಂದ ನವೆಂಬರ್ 10ರ ಆಸುಪಾಸಿನಲ್ಲಿ ಸಸಿಮಡಿ ಮಾಡಿ, ಡಿಸೆಂಬರ್ ಮೊದಲ ವಾರ ಆರಂಗುಲದ ಕುಂಡಗಳಿಗೆ ಬದಲಿಸಿ, ಸಸಿ ಚೇತರಿಸಿಕೊಂಡ ಮೇಲೆ ಕುಡಿ ಚಿವುಟಬೇಕು. ನಿಮ್ಮ ಕಡೆಯ ಚಳಿ ಹೆಚ್ಚಾದರೆ ಗಿಡ ತಡಮಾಡುತ್ತದೆ. ಮೋಡ ಸರಿದು ಬಿಸಿಲು ಬಿದ್ದರೆ ಅವಸರ ಮಾಡುತ್ತದೆ. ಹಾಗಾಗಿ ಬೀಜವನ್ನೆಲ್ಲ ಒಂದೇ ದಿನ ಬಿತ್ತದೆ, ವಾರಕ್ಕೊಂದರಂತೆ ಮೂರು ಕಂತುಗಳಲ್ಲಿ ಬಿತ್ತುವುದು ಜಾಣತನ. ಸೇವಂತಿಗೆಯ ಸ್ವಭಾವ ಬೇರೆ: ಹಗಲು ಕುಗ್ಗಿದಾಗ ಅದು ಮೊಗ್ಗು ಕಟ್ಟುತ್ತದೆ, ಹೀಗಾಗಿ ಬಹಳಷ್ಟು ತಳಿಗಳು ಜನವರಿ ಕೊನೆಯ ಹೊತ್ತಿಗೆ ಹೂ ಮುಗಿಸಿ ಕುಳಿತಿರುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೂವಿನ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ಆ ಬೆಳಕು ಇರುವವರೆಗೆ ಗಿಡ ಮೊಗ್ಗಿನ ಯೋಚನೆಯನ್ನೇ ಮಾಡುವುದಿಲ್ಲ, ಆರಿಸಿದ ಎಂಟು ಹತ್ತು ವಾರಕ್ಕೆ ಅರಳುತ್ತದೆ. ಶಾಲೆಯ ಅಂಗಳದಲ್ಲಿ ಬಲ್ಬು ಕಟ್ಟುವ ಅನುಕೂಲವಿದ್ದರೆ ನವೆಂಬರ್ ಮಧ್ಯದವರೆಗೆ ಉರಿಸಿ ನಿಲ್ಲಿಸಿ. ಇಲ್ಲದಿದ್ದರೆ ಸೇವಂತಿಗೆಯ ಆಸೆ ಬಿಟ್ಟು, ಚೆಂಡುಹೂ, ಸಾಲ್ವಿಯಾ, ಪೆಟೂನಿಯಾಗಳನ್ನೇ ನೆಚ್ಚಿಕೊಳ್ಳಿ.

ಆರಂಗುಲದ ಕುಂಡಗಳು ಚದರಡಿಗೆ ನಾಲ್ಕು ಹಿಡಿಯುತ್ತವೆ. ದಾರಿ, ಹುಲ್ಲು, ನೀರಿನ ತೊಟ್ಟಿಗೆ ನಲವತ್ತು ಚದರಡಿ ಬಿಟ್ಟರೂ ಉಳಿದ ಅರವತ್ತಕ್ಕೆ 240 ಕುಂಡ ಬೇಕು. ಸಾಗಣೆಯಲ್ಲಿ ಮುರಿಯುವ, ಹೂ ಬಿಡದೆ ಕೈಕೊಡುವ ಗಿಡಗಳನ್ನೂ ಸೇರಿಸಿ 300 ಬೆಳೆಸಿಕೊಳ್ಳಿ.

ವಿನ್ಯಾಸದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಇಂಥ ತೋಟಗಳ ಅಂದ ಕೆಡಿಸುವುದು ಹೆಚ್ಚಾಗಿ ಫೈಬರ್ ಜಿಂಕೆ, ಸಿಮೆಂಟಿನ ಕೊಕ್ಕರೆ, ಬಣ್ಣ ಬಳಿದ ಗಾಳಿಗಿರಣಿಗಳು. ಹತ್ತಡಿಯಲ್ಲಿ ಒಂದೇ ಒಂದು ದೃಶ್ಯ ಹಿಡಿಸುತ್ತದೆ. ನಿಮ್ಮ ಮಕ್ಕಳು ಬಲ್ಲ ಹಿತ್ತಿಲನ್ನೇ ಮಾಡಿಸಿ: ಮೂಲೆಯಲ್ಲಿ ಬಸಳೆ ಚಪ್ಪರ, ಅದರಡಿ ಪಾತ್ರೆ ತೊಳೆಯುವ ಕಲ್ಲು, ಆ ನೀರು ಹರಿಯುವ ಕಡೆ ಒಂದು ಕೆಸುವಿನ ಗುಂಪು, ಉಳಿದಂತೆ ಒಂದೇ ಬಣ್ಣದ ಚೆಂಡುಹೂವಿನ ಪಾತಿ. ಕಾಲುದಾರಿಯನ್ನು ಮುಂದೆ ಅಗಲವಾಗಿ, ಹಿಂದೆ ಕಿರಿದಾಗಿ ಎಳೆದು, ಕೊನೆಯಲ್ಲಿ ಚಪ್ಪರದ ಹಿಂದೆ ಮರೆಯಾಗಿಸಿದರೆ ತೋಟ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಮುಂಸಾಲಿನ ಕುಂಡಗಳನ್ನು ನೋಡುವವರ ಕಡೆಗೆ ತುಸು ವಾಲಿಸಿಡಿ. ಕುಂಡದ ಅಂಚು ಎಲೆಯಡಿ ಮುಚ್ಚಿಹೋಗುತ್ತದೆ.

ಗಿಡಗಳು ಪ್ರದರ್ಶನದ ಚಪ್ಪರದೊಳಗೆ ಇರಬೇಕಾದರೆ, ಪೂರ್ಣ ಬಿಸಿಲಿನಿಂದ ನೇರವಾಗಿ ಒಯ್ಯದೆ ನಾಲ್ಕು ದಿನ ಅರೆನೆರಳಿನಲ್ಲಿಟ್ಟು ಒಗ್ಗಿಸಿ. ಕೊನೆಯ ಸಂಜೆ ನೀರುಣಿಸುವಾಗ ಕುಂಡದ ಬುಡಕ್ಕೆ ಮಾತ್ರ ಹಾಕಿ. ನಾನು ಮೊದಲ ಸಲ ಸ್ಪರ್ಧೆಗೆ ನಿಂತಾಗ ಉತ್ಸಾಹದಲ್ಲಿ ಪೈಪು ಹಿಡಿದು ಮೇಲಿನಿಂದಲೇ ತೋಯಿಸಿದ್ದೆ. ಬೆಳಿಗ್ಗೆ ನೋಡಿದರೆ ಬಿಳಿ ಪೆಟೂನಿಯಾ ದಳಗಳೆಲ್ಲ ಒದ್ದೆ ಕಾಗದದಂತೆ ಒಂದಕ್ಕೊಂದು ಅಂಟಿ, ಮೇಲೆ ನಾರಿನ ಪುಡಿಯ ಕಂದು ಚುಕ್ಕೆಗಳು ಸಿಡಿದಿದ್ದವು. ತೀರ್ಪುಗಾರರು ಬರಲು ಇನ್ನೂ ಒಂದೂವರೆ ಗಂಟೆ ಇತ್ತು. ನಾನು, ನನ್ನ ತಂಗಿ ಕೂತು ಕತ್ತರಿಯಿಂದ ಹೂಗಳನ್ನೆಲ್ಲ ಕತ್ತರಿಸಿದೆವು, ಪಾತಿಯಲ್ಲಿ ಬರೀ ಎಲೆ ಉಳಿಯಿತು.

ಪ್ರಶ್ನೆ: ನರ್ಸರಿಯಿಂದ ಬಾಡಿಗೆಗೆ ತಂದ ಕುಂಡಗಳನ್ನು ಸ್ಪರ್ಧೆಯಲ್ಲಿ ಇಡಬಹುದೇ?
– ಓದುಗರು, ತುಮಕೂರು

ಉತ್ತರ: ನಿಯಮಪತ್ರವನ್ನು ಓದಿಯೇ ತೀರ್ಮಾನಿಸಬೇಕು. ಸ್ವಂತವಾಗಿ ಬೆಳೆಸಿದ ಗಿಡಗಳಿಗಷ್ಟೇ ಮೀಸಲಾದ ವಿಭಾಗವಾಗಿದ್ದರೆ ಬಾಡಿಗೆಯ ಮಾತೇ ಬೇಡ. ಜೋಡಣೆಯನ್ನು ಮಾತ್ರ ನೋಡುವ ವಿಭಾಗದಲ್ಲಿ ಅಡ್ಡಿಯಿರದು. ಆಗಲೂ ಎಲೆಯ ಅಡಿಭಾಗ ತಿರುಗಿಸಿ ಹಿಟ್ಟು ತಿಗಣೆ ಇದೆಯೇ ಎಂದು ನೋಡಿಯೇ ತನ್ನಿ.

ಪ್ರಶ್ನೆ: ಆಗಸ್ಟ್ 15ರ ಪ್ರದರ್ಶನಕ್ಕೆ ಮಲೆನಾಡಿನ ಮಳೆಯಲ್ಲಿ ಏನು ಬೆಳೆಯಬಹುದು?
– ಗೃಹಿಣಿಯೊಬ್ಬರು, ಸಾಗರ

ಉತ್ತರ: ನಿಮ್ಮ ಮನೆಯಂಗಳದಲ್ಲೇ ಇರುವ ಡೇರೆ ಹೂವಿಗಿಂತ (ಡಾಲಿಯಾ) ಒಳ್ಳೆಯದು ಯಾವುದಿದೆ? ಮೇ ಕೊನೆಯಲ್ಲಿ ಗೆಡ್ಡೆ ನೆಟ್ಟು, ನೀರು ನಿಲ್ಲದಂತೆ ಕುಂಡದ ತಳಕ್ಕೆ ಹೆಂಚಿನ ಚೂರು ಹಾಕಿ. ಮೊಗ್ಗು ಕಾಣುತ್ತಲೇ ಬಿದಿರು ಕಡ್ಡಿ ಊರಿ ಎರಡು ಕಡೆ ಸಡಿಲವಾಗಿ ಕಟ್ಟಬೇಕು, ಏಕೆಂದರೆ ಅರಳಿದ ದೊಡ್ಡ ಹೂವಿನಲ್ಲಿ ಮಳೆನೀರು ತುಂಬಿದರೆ ಆ ಭಾರಕ್ಕೇ ಕುತ್ತಿಗೆ ಮುರಿಯುತ್ತದೆ. ಅರ್ಧ ಅರಳಿದಾಗಲೇ ಕುಂಡವನ್ನು ಜಗಲಿಗೆ ಎತ್ತಿಡಿ.